ನ್ಯೂಯಾರ್ಕಿನ ರೂಸ್‌ವೆಲ್ಟ್ ದ್ವೀಪ: ಪಾರ್ಕ್ ಬೇಡ, ಆಸ್ಪತ್ರೆ ಬೇಕು ಎಂದ ಡಾ. ಗೋಲ್ಡ್‌ವಾಟರ್ ಮಾಡಿದ್ದು ಸರಿಯಾ?

ಕ್ವೀನ್ಸ್_ಕನ್ನಡಿಗ

ನ್ಯೂಯಾರ್ಕಿಗೆ ಬಂದ ನಮ್ಮವರು ಯಾರಾದರೂ ಕೆಂಪು ಕೇಬಲ್ ಕಾರಿನ ಫೋಟೊ ಹಾಕಿದ್ದರೆ, ಅದು ಈ ದ್ವೀಪಕ್ಕೆ ಹೋಗುವ ಟ್ರಾಮ್. ಈಸ್ಟ್ ನದಿಯ ನಡುವೆ, ಮ್ಯಾನ್‌ಹಟನ್‌ಗೂ ಕ್ವೀನ್ಸ್‌ಗೂ ಮಧ್ಯೆ ಇದೆ. ಉದ್ದ ಸುಮಾರು 3 ಕಿ.ಮೀ., ಅಗಲ ಹೆಚ್ಚೆಂದರೆ 240 ಮೀಟರ್. ಬಂದವರೆಲ್ಲ ದಕ್ಷಿಣದ ತುದಿಯ ಪಾರ್ಕಿಗೆ ಹೋಗಿ, ಹಾಳುಬಿದ್ದ ಸಿಡುಬಿನ ಆಸ್ಪತ್ರೆಯ ಮುಂದೆ ಫೋಟೊ ತೆಗೆಸಿಕೊಂಡು, ವಾಪಸ್ ಟ್ರಾಮ್ ಹತ್ತುತ್ತಾರೆ. ದಾರಿಯಲ್ಲಿ ಕಾರ್ನೆಲ್ ಟೆಕ್‌ನ ಹೊಳೆಯುವ ಕಟ್ಟಡಗಳು ಸಿಗುತ್ತವೆ, 2017ರಲ್ಲಿ ಶುರುವಾದ ಕ್ಯಾಂಪಸ್.

ನನಗೆ ಕುತೂಹಲ ಇರುವುದು ಆ ಕ್ಯಾಂಪಸ್ ಇರುವ ಜಾಗದ ಬಗ್ಗೆ. ಮೊದಲು ಅಲ್ಲಿ ಜೈಲು ಇತ್ತು. ಜೈಲು ಒಡೆದು 1939ರಲ್ಲಿ ದೀರ್ಘಕಾಲದ ಕಾಯಿಲೆಯವರಿಗೆ ಒಂದು ದೊಡ್ಡ ಆಸ್ಪತ್ರೆ ಕಟ್ಟಿದರು. ಅದನ್ನೂ 2013ರ ಕೊನೆಗೆ ಮುಚ್ಚಿ, ಮರುವರ್ಷ ಒಡೆದರು. ಆ ಆಸ್ಪತ್ರೆ ಕಟ್ಟಿಸಿದವರು ಡಾ. ಎಸ್.ಎಸ್. ಗೋಲ್ಡ್‌ವಾಟರ್. ಆಗ ರಾಬರ್ಟ್ ಮೋಸೆಸ್ ಎಂಬ ಮಹಾಶಯರು, ನ್ಯೂಯಾರ್ಕಿನ ಅರ್ಧ ರಸ್ತೆ, ಸೇತುವೆ, ಪಾರ್ಕುಗಳನ್ನು ಕಟ್ಟಿಸಿದ ಅದೇ ಮೋಸೆಸ್, ಈ ಜಾಗ ಪಾರ್ಕಿಗೆ ಬೇಕು ಅಂತ ಹಟ ಹಿಡಿದಿದ್ದರು. ಮೋಸೆಸ್ ಎದುರು ಗೆದ್ದವರು ಬಹಳ ಕಡಿಮೆ. ಗೋಲ್ಡ್‌ವಾಟರ್ ಗೆದ್ದರು.

ಗೆದ್ದಿದ್ದು ಒಳ್ಳೆಯದಾಯಿತಾ? ಊರಿನ ನಡುವಿನ ಅಷ್ಟು ಚಂದದ ಜಾಗ ಎಲ್ಲರಿಗೂ ಸಿಗಬೇಕಿತ್ತಾ, ಅಥವಾ ಹಾಸಿಗೆ ಹಿಡಿದವರಿಗೆ ಸಿಕ್ಕಿದ್ದೇ ಸರಿಯಾ? ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿದವರು ಇಲ್ಲಿ ಕೆಲವರಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಮಂಡ್ಯದ_ಮಾತು

ಗುರು, ನಾನು ಆ ಕಡೆ ಕಾಲಿಟ್ಟವನಲ್ಲ, ಆದರೂ ಒಂದು ಮಾತು. ಯಾರೂ ಬೇಡ ಅಂದವರನ್ನೆಲ್ಲ ಹೊಳೆ ದಾಟಿಸಿ ಬಿಡುವುದಕ್ಕೆ ಆಸ್ಪತ್ರೆ ಅಂತ ಹೆಸರಿಟ್ಟರೆ ಅದು ಪುಣ್ಯದ ಕೆಲಸ ಆಗುತ್ತಾ? ನೀವೇ ಹೇಳಿದಿರಿ, ಮೊದಲು ಜೈಲಿತ್ತು ಅಂತ.

ಹಳೇಪೇಪರ್

ಮಂಡ್ಯದವರು ಹೇಳಿದ್ದರಲ್ಲಿ ಹುರುಳಿದೆ. ಈ ದ್ವೀಪದ ಚರಿತ್ರೆ ಬಹುಪಾಲು ಅದೇ.

ಡಚ್ಚರ ಕಾಲದಲ್ಲಿ ಅಲ್ಲಿ ಹಂದಿ ಮೇಯಿಸುತ್ತಿದ್ದರು, ಹಂದಿ ದ್ವೀಪ ಅಂತಲೇ ಕರೆಯುತ್ತಿದ್ದರು. ಇಂಗ್ಲಿಷರು ಬಂದ ಮೇಲೆ ಜಾನ್ ಮ್ಯಾನಿಂಗ್ ಎಂಬ ಕ್ಯಾಪ್ಟನ್ ಕೈಗೆ ಬಂತು. 1673ರಲ್ಲಿ ಇದೇ ಮ್ಯಾನಿಂಗ್ ನ್ಯೂಯಾರ್ಕಿನ ಕೋಟೆಯನ್ನು ಡಚ್ಚರಿಗೆ ಬಿಟ್ಟುಕೊಟ್ಟು, ಆಮೇಲೆ ವಿಚಾರಣೆ ಎದುರಿಸಿ, ಮಾನ ಕಳೆದುಕೊಂಡು ಬಂದು ದ್ವೀಪ ಸೇರಿಕೊಂಡ. ಅಂದರೆ ಊರಿಗೆ ಬೇಡವಾದ ಮೊದಲನೆಯವನು ದ್ವೀಪದ ಮಾಲೀಕನೇ! ಅವನ ಮಲಮಗಳನ್ನು ಮದುವೆಯಾದ ರಾಬರ್ಟ್ ಬ್ಲ್ಯಾಕ್‌ವೆಲ್‌ನಿಂದ ಬ್ಲ್ಯಾಕ್‌ವೆಲ್ ದ್ವೀಪ ಅಂತ ಹೆಸರಾಯಿತು. ಆ ಮನೆತನದವರು 1796ರಲ್ಲಿ ಕಟ್ಟಿದ ಮರದ ಮನೆ ಇಂದಿಗೂ ಇದೆ.

1828ರಲ್ಲಿ ನಗರದವರು 32,000 ಡಾಲರಿಗೆ ದ್ವೀಪವನ್ನು ಕೊಂಡರು. ಅಲ್ಲಿಂದ ಶುರು. 1832ರಲ್ಲಿ ಜೈಲು, 1839ರಲ್ಲಿ ಹುಚ್ಚಾಸ್ಪತ್ರೆ (ಆಗಿನ ಮಾತಲ್ಲೇ ಹೇಳುತ್ತಿದ್ದೇನೆ), ಬಡವರಿಗೆ ಅನಾಥಾಲಯದಂಥ ಮನೆಗಳು, 1856ರಲ್ಲಿ ಸಿಡುಬಿನ ಆಸ್ಪತ್ರೆ. ಈ ಕೊನೆಯದರ ನಕ್ಷೆ ಜೇಮ್ಸ್ ರೆನ್ವಿಕ್ ಅವರದು, ಫಿಫ್ತ್ ಅವೆನ್ಯೂದ ಸೇಂಟ್ ಪ್ಯಾಟ್ರಿಕ್ ಚರ್ಚಿನ ನಕ್ಷೆ ಮಾಡಿದ್ದೂ ಇವರೇ. ಕಲ್ಲು ಅಲ್ಲಿಯದೇ, ಕಲ್ಲು ಕಡಿದವರು ಜೈಲಿನ ಕೈದಿಗಳು.

1887ರಲ್ಲಿ ನೆಲ್ಲಿ ಬ್ಲೈ ಎಂಬ ಪತ್ರಕರ್ತೆ ಹುಚ್ಚಿಯಂತೆ ನಟಿಸಿ ಆ ಆಸ್ಪತ್ರೆಯೊಳಗೆ 10 ದಿನ ಇದ್ದು ಬಂದರು. ಕೊರೆಯುವ ನೀರಲ್ಲಿ ಸ್ನಾನ, ಹಳಸಿದ ಊಟ, ಮರದ ಬೆಂಚಿನ ಮೇಲೆ ಅಲ್ಲಾಡದೆ ಕೂರಿಸುವುದು, ಇಂಗ್ಲಿಷ್ ಬಾರದ ವಲಸೆಗಾರ ಹೆಂಗಸರನ್ನು ಏನೂ ವಿಚಾರಿಸದೆ ಒಳಗೆ ಹಾಕುವುದು. ಎಲ್ಲ ಪತ್ರಿಕೆಯಲ್ಲಿ ಬಂತು, ವಿಚಾರಣೆಯಾಯಿತು, ಆ ಇಲಾಖೆಗೆ ದುಡ್ಡು ಜಾಸ್ತಿ ಕೊಟ್ಟರು. 1921ರಲ್ಲಿ ವೆಲ್‌ಫೇರ್ ದ್ವೀಪ ಅಂತ ಹೆಸರು ಬದಲಾಯಿಸಿದರು. ಒಳಗಿನ ಪರಿಸ್ಥಿತಿ ಹೆಸರಿನಷ್ಟು ಬೇಗ ಬದಲಾಗಲಿಲ್ಲ.

ಸುಮ್ನೆ_ಓದುವವಳು

ಆ ಡಾಕ್ಟರ್ ಬಗ್ಗೆ ಯಾರಾದರೂ ಸರಿಯಾಗಿ ಹೇಳಿ. ಗೋಲ್ಡ್‌ವಾಟರ್ ಅಂದರೆ ನನಗೆ ಗೊತ್ತಿರುವುದು ಅಧ್ಯಕ್ಷ ಚುನಾವಣೆಯಲ್ಲಿ ಸೋತ ರಾಜಕಾರಣಿ ಮಾತ್ರ.

ಡಾ_ಹಳ್ಳಿಗಾಡು

ಅವರು ಬ್ಯಾರಿ, ಇವರು ಸಿಗಿಸ್ಮಂಡ್. ಬೇರೆ ಬೇರೆ ಮೇಡಂ.

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಬಹಳ ವರ್ಷ ಇದ್ದವನು, ಆಸ್ಪತ್ರೆ ಆಡಳಿತದ ಕೋರ್ಸ್ ಮಾಡುವಾಗ ಇವರ ಹೆಸರು ಕೇಳಿದ್ದೆ. ಆಮೇಲೆ ಹುಡುಕಿ ಓದಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ಮುಂದಿನದಕ್ಕೆ ಹೋಗಿ.

ಹುಟ್ಟಿದ್ದು 1873, ನ್ಯೂಯಾರ್ಕಿನಲ್ಲೇ. ನೇರವಾಗಿ ಡಾಕ್ಟರ್ ಆದವರಲ್ಲ. ಮೊದಲು ಸಮಾಜ, ಅರ್ಥಶಾಸ್ತ್ರದ ಕಡೆ ಒಲವಿತ್ತು, ಕೊಲಂಬಿಯಾದಲ್ಲೂ ಜರ್ಮನಿಯ ಲೈಪ್‌ಝಿಗ್‌ನಲ್ಲೂ ಓದಿದರು. ಆಮೇಲೆ ವೈದ್ಯಕೀಯಕ್ಕೆ ಬಂದು 1901ರಲ್ಲಿ ಪದವಿ ಪಡೆದರು. ರೋಗಿ ನೋಡುವ ಡಾಕ್ಟರಾಗಿ ಬಹಳ ದಿನ ಉಳಿಯಲೇ ಇಲ್ಲ. ಮೌಂಟ್ ಸೈನಾಯ್ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಆದರು, ಅಲ್ಲಿಂದ ಆಸ್ಪತ್ರೆ ನಡೆಸುವುದೇ ಅವರ ವೃತ್ತಿ. ಅಡುಗೆಮನೆ ಎಲ್ಲಿರಬೇಕು, ವಾರ್ಡಿಗೆ ಬೆಳಕು ಯಾವ ಕಡೆಯಿಂದ ಬರಬೇಕು, ಹೊರರೋಗಿಗಳ ಸಾಲು ಎಲ್ಲಿ ನಿಲ್ಲಬೇಕು, ಇದನ್ನೆಲ್ಲ ವಿದ್ಯೆಯ ಹಾಗೆ ನೋಡಿದವರು. 1908ರಲ್ಲಿ ಅಮೆರಿಕದ ಆಸ್ಪತ್ರೆಗಳ ಸಂಘಕ್ಕೆ ಅಧ್ಯಕ್ಷರಾದರು. ಎಷ್ಟೋ ಊರಿನವರು ಆಸ್ಪತ್ರೆ ಕಟ್ಟುವ ಮೊದಲು ಇವರನ್ನು ಕರೆಸಿ ಸಲಹೆ ಕೇಳುತ್ತಿದ್ದರು.

1914ರಲ್ಲಿ ನಗರದ ಆರೋಗ್ಯ ಕಮಿಷನರ್. ಇದ್ದಿದ್ದು ಎರಡು ವರ್ಷಕ್ಕಿಂತ ಕಡಿಮೆ, ಮಾಡಿದ್ದು ಜಾಸ್ತಿ. ಜನರಿಗೆ ಆರೋಗ್ಯದ ತಿಳಿವಳಿಕೆ ಕೊಡಲಿಕ್ಕೇ ಒಂದು ಪ್ರತ್ಯೇಕ ವಿಭಾಗ ತೆರೆದರು. ಲೋವರ್ ಈಸ್ಟ್ ಸೈಡ್‌ನ ಕಿಕ್ಕಿರಿದ ಬಡಾವಣೆಯಲ್ಲಿ ಒಂದು ಪ್ರಯೋಗ ನಡೆಸಿದರು: ತಾಯಿ ಮಗುವಿನ ನರ್ಸು, ಸಾಂಕ್ರಾಮಿಕ ರೋಗದ ಇನ್‌ಸ್ಪೆಕ್ಟರು, ಆಹಾರದವರು, ಇವರೆಲ್ಲ ಬೇರೆ ಬೇರೆ ಆಫೀಸಿಗೆ ಉತ್ತರ ಹೇಳುವ ಬದಲು ಒಂದೇ ಬಡಾವಣೆಯ ಒಂದೇ ಕಚೇರಿಯಿಂದ ಕೆಲಸ ಮಾಡುವುದು. ನಮ್ಮ ಪಿಎಚ್‌ಸಿಯಲ್ಲಿ ಕೂತವರಿಗೆ ಇದರಲ್ಲಿ ಏನು ಮಹಾ ಅನ್ನಿಸಬಹುದು. ಆಗ ಅದು ಹೊಸದು.

1934ರಲ್ಲಿ ಲಾ ಗಾರ್ಡಿಯಾ ಮೇಯರ್ ಆದಾಗ ಇವರನ್ನು ಆಸ್ಪತ್ರೆಗಳ ಕಮಿಷನರ್ ಮಾಡಿದರು. 1940ರವರೆಗೆ ಇದ್ದರು. ದ್ವೀಪದ ಕತೆ ಬರುವುದು ಇಲ್ಲಿ.

ಹಳೇಪೇಪರ್

ಡಾಕ್ಟರ್ ಸರ್, ಅದರ ಹಿಂದಿನ ಒಂದು ಸ್ವಾರಸ್ಯ ನಾನು ಸೇರಿಸುತ್ತೇನೆ. 1934ರ ಜನವರಿಯಲ್ಲಿ ಜೈಲು ಇಲಾಖೆಯ ಹೊಸ ಕಮಿಷನರ್ ಆಸ್ಟಿನ್ ಮೆಕಾರ್ಮಿಕ್ ದ್ವೀಪದ ಜೈಲಿನ ಮೇಲೆ ದಾಳಿ ಮಾಡಿದರು. ತಮ್ಮದೇ ಇಲಾಖೆಯ ಜೈಲಿನ ಮೇಲೆ! ನೋಡಿದರೆ ಜೈಲನ್ನು ನಡೆಸುತ್ತಿದ್ದವರು ರೌಡಿಗಳು. ಗ್ಯಾಂಗಿನ ದೊಡ್ಡ ತಲೆಗಳು ಜೈಲಿನ ಆಸ್ಪತ್ರೆಯ ವಾರ್ಡಿನಲ್ಲಿ ಒಳ್ಳೆ ಹಾಸಿಗೆ, ಒಳ್ಳೆ ಊಟ ಅಂತ ಆರಾಮಾಗಿದ್ದರು, ಪಾರಿವಾಳ ಸಾಕಿಕೊಂಡಿದ್ದರು. ನಿಜವಾದ ರೋಗಿಗಳು ಮಿಕ್ಕವರ ಜೊತೆ ಸೆಲ್ಲಿನಲ್ಲಿ ನರಳುತ್ತಿದ್ದರು. ಸುದ್ದಿ ದೊಡ್ಡದಾಯಿತು. ಕೈದಿಗಳನ್ನು ರೈಕರ್ಸ್ ದ್ವೀಪಕ್ಕೆ ಸಾಗಿಸಿದರು. ಹೀಗೆ ಜಾಗ ಖಾಲಿ ಆಗಿದ್ದು, ಅದಕ್ಕೇ ಮೋಸೆಸ್‌ಗೂ ಗೋಲ್ಡ್‌ವಾಟರ್‌ಗೂ ಜಟಾಪಟಿ.

ಸುಮ್ನೆ_ಓದುವವಳು

ರೋಗಿಯ ಹಾಸಿಗೆಯಲ್ಲಿ ರೌಡಿ ಮಲಗುವುದು ಬರೀ ಅಮೆರಿಕದ ಕತೆ ಅಲ್ಲ ಬಿಡಿ 😄

ಡಾ_ಹಳ್ಳಿಗಾಡು

ನಕ್ಕು ಸಾಕಾಯಿತು ಮೇಡಂ.

ಈಗ ಮೂಲ ಪ್ರಶ್ನೆಗೆ. 1930ರ ದಶಕದ ನ್ಯೂಯಾರ್ಕಿನಲ್ಲಿ ಲಕ್ವ ಹೊಡೆದವರು, ಕೀಲುವಾತದಿಂದ ಕೈಕಾಲು ಸೆಟೆದವರು, ಹೃದಯದ ಕಾಯಿಲೆಯಿಂದ ಏಳಲಾರದವರು ಎಲ್ಲಿ ಹೋಗಬೇಕಿತ್ತು? ದೊಡ್ಡ ಆಸ್ಪತ್ರೆಗೆ ಹೋದರೆ ಕೆಲವು ವಾರ ಇಟ್ಟುಕೊಂಡು, ಇನ್ನು ಮಾಡುವಂಥದ್ದು ಏನಿಲ್ಲ ಅನ್ನುತ್ತಿದ್ದರು. ಆಮೇಲೆ ಮನೆ, ಮನೆಯಿಲ್ಲದಿದ್ದರೆ ಇದೇ ದ್ವೀಪದ ದಿಕ್ಕಿಲ್ಲದವರ ಮನೆ. ಅಲ್ಲಿ ಡಾಕ್ಟರ್ ಬಂದರೆ ಬಂದ.

ಗೋಲ್ಡ್‌ವಾಟರ್ ಹೇಳಿದ್ದು ಇಷ್ಟು: ವಾಸಿಯಾಗದ ಕಾಯಿಲೆಯೂ ಕಾಯಿಲೆಯೇ, ಅದಕ್ಕೂ ಒಳ್ಳೆ ಡಾಕ್ಟರ್ ಬೇಕು, ಲ್ಯಾಬ್ ಬೇಕು, ಸಂಶೋಧನೆ ಬೇಕು. ಆದ್ದರಿಂದ ಹೊಸ ಆಸ್ಪತ್ರೆಯನ್ನು ಕೊಲಂಬಿಯಾ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯಗಳ ಜೊತೆ ಜೋಡಿಸಿದರು. ಪ್ರೊಫೆಸರುಗಳು ದ್ವೀಪಕ್ಕೆ ಬರಬೇಕು, ಅದು ಲೆಕ್ಕ. ಯಾರೂ ತಿರುಗಿ ನೋಡದ ರೋಗಿಗಳ ಹತ್ತಿರ ಊರಿನ ಅತ್ಯುತ್ತಮ ತಲೆಗಳನ್ನು ಕರೆತಂದು ಕೂರಿಸುವುದು ಸಣ್ಣ ಮಾತಲ್ಲ. ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕೆಲಸ ಕಟ್ಟಡವಲ್ಲ, ಇದು.

ನಾನಂತೂ ಪಾರ್ಕಿನ ಕಡೆ ಇಲ್ಲ.

ಗಾರೆ_ಗಡಿಯಾರ

ಕಟ್ಟಡವಲ್ಲ ಅಂದುಬಿಟ್ಟಿರಲ್ಲ ಸರ್! ನಾನು ಆರ್ಕಿಟೆಕ್ಟ್, ಸುಮ್ನಿರಲಾರೆ.

ಆ ಕಟ್ಟಡದ ನಕ್ಷೆ ಒಮ್ಮೆ ನೋಡಿ. ಉದ್ದಕ್ಕೂ ಬೆನ್ನುಮೂಳೆಯ ಹಾಗೆ ಒಂದು ಕಾರಿಡಾರ್, ಅದಕ್ಕೆ ಅಂಟಿದಂತೆ ವಿ ಆಕಾರದಲ್ಲಿ ಮಡಚಿದ ವಾರ್ಡುಗಳು. ಯಾಕೆ ಹಾಗೆ? ನೇರ ಸಾಲಿನಲ್ಲಿ ಕಟ್ಟಿದರೆ ಒಂದು ಕಡೆಯವರಿಗೆ ಬಿಸಿಲು, ಇನ್ನೊಂದು ಕಡೆಯವರಿಗೆ ಮುಂದಿನ ಬ್ಲಾಕಿನ ಗೋಡೆ. ವಿ ಆಕಾರ ಮಾಡಿದರೆ ವಾರ್ಡಿಗೆ ಬೆಳಕೂ ಬರುತ್ತದೆ, ನದಿಯೂ ಕಾಣುತ್ತದೆ. ಜೊತೆಗೆ ಬಾಲ್ಕನಿಗಳು, ಮಂಚವನ್ನೇ ಹೊರಗೆ ತಳ್ಳಿಕೊಂಡು ಹೋಗುವಷ್ಟು ಜಾಗ. ಎತ್ತರ ಜಾಸ್ತಿ ಇಲ್ಲ. ಪಕ್ಕದ ಮ್ಯಾನ್‌ಹಟನ್‌ನಲ್ಲಿ ಆಗ ಆಸ್ಪತ್ರೆಗಳು ಇಪ್ಪತ್ತು ಮಹಡಿ ದಾಟುತ್ತಿದ್ದವು. ಇಲ್ಲಿ ಬೇಕಂತಲೇ ತಗ್ಗಾಗಿ ಕಟ್ಟಿದರು. ವರ್ಷಗಟ್ಟಲೆ ಒಂದೇ ಮಂಚದಲ್ಲಿ ಇರುವವನಿಗೆ ಕಿಟಕಿಯ ಆಚೆ ಏನಿದೆ ಅನ್ನುವುದೇ ಅರ್ಧ ಬದುಕು.

ಇನ್ನೊಂದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ದುಂಡನೆಯ ಕೂರುವ ಕೋಣೆಗಳ ಗೋಡೆಗೆ ಚಿತ್ರ ಬರೆಸಿದರು. ಮಹಾ ಕುಸಿತದ ಕಾಲ, ಕೆಲಸವಿಲ್ಲದ ಕಲಾವಿದರಿಗೆ ಸರ್ಕಾರವೇ ಸಂಬಳ ಕೊಟ್ಟು ಬರೆಸುತ್ತಿದ್ದ ಕಾಲ. ಆಗ ಸರ್ಕಾರಿ ಗೋಡೆ ಅಂದರೆ ರೈತರು, ಕಾರ್ಮಿಕರು, ಚರಿತ್ರೆಯ ವೀರರು. ಇಲ್ಲಿ ಮಾತ್ರ ಇಲ್ಯಾ ಬೊಲೊಟೊವ್‌ಸ್ಕಿ, ಆಲ್ಬರ್ಟ್ ಸ್ವಿಂಡನ್, ಜೋಸೆಫ್ ರುಗೊಲೊ ಮುಂತಾದವರು ಬರೀ ಆಕಾರ, ಗೆರೆ, ಬಣ್ಣ ಬರೆದರು. ಕತೆಯಿಲ್ಲ, ಉಪದೇಶವಿಲ್ಲ. ಆಮೇಲಿನವರು ಅದರ ಮೇಲೆಲ್ಲ ಗೋಡೆಬಣ್ಣ ಬಳಿದರು. ಬಹಳ ವರ್ಷ ಆದಮೇಲೆ ಕೆರೆದು ಹೊರತೆಗೆದರು. ಕಟ್ಟಡ ಒಡೆಯುವ ಮೊದಲು ಈ ಮೂವರ ಚಿತ್ರಗಳನ್ನು ಉಳಿಸಿಕೊಂಡಿದ್ದಾರೆ, ಈಗ ಕಾರ್ನೆಲ್ ಟೆಕ್‌ನ ಕಟ್ಟಡಗಳಲ್ಲಿವೆ.

ಮಂಡ್ಯದ_ಮಾತು

ನದಿ ಕಾಣುತ್ತದೆ, ಬಿಸಿಲು ಬರುತ್ತದೆ, ಗೋಡೆ ಮೇಲೆ ಚಿತ್ರ. ಎಲ್ಲ ಸರಿ. ಅಮ್ಮನನ್ನು ನೋಡಬೇಕು ಅಂತ ಮಗಳು ಬಂದರೆ ಹೇಗೆ ಬರಬೇಕಿತ್ತು ಆಗ? ಟ್ರಾಮ್ ಇತ್ತಾ?

ಕ್ವೀನ್ಸ್_ಕನ್ನಡಿಗ

ಒಳ್ಳೆ ಪ್ರಶ್ನೆ. ಕೇಬಲ್ ಟ್ರಾಮ್ ಬಂದಿದ್ದು 1976ರಲ್ಲಿ. ಮೆಟ್ರೊ ರೈಲು ನಿಲ್ಲಲು ಶುರುವಾಗಿದ್ದು 1989ರಲ್ಲಿ. 1939ರಲ್ಲಿ ಸೇತುವೆಯೂ ದ್ವೀಪಕ್ಕೆ ಇಳಿಯುತ್ತಿರಲಿಲ್ಲ. ಕ್ವೀನ್ಸ್‌ಬರೊ ಸೇತುವೆ 1909ರಿಂದ ದ್ವೀಪದ ತಲೆ ಮೇಲೇ ಹಾದುಹೋಗುತ್ತದೆ, ಇಳಿಯಲು ರಸ್ತೆ ಇಲ್ಲ. ಹಾಗಾಗಿ ಸೇತುವೆ ಮೇಲಿನ ರಸ್ತೆ ಟ್ರಾಮಿನಲ್ಲಿ ಬಂದು, ನಟ್ಟನಡುವೆ ಇಳಿದು, ಪಕ್ಕದ ದೊಡ್ಡ ಕಟ್ಟಡದೊಳಗಿನ ಲಿಫ್ಟಿನಲ್ಲಿ ಕೆಳಗೆ ಹೋಗಬೇಕಿತ್ತು. ಆಂಬುಲೆನ್ಸನ್ನೂ ಲಿಫ್ಟಿನಲ್ಲೇ ಇಳಿಸುತ್ತಿದ್ದರು. ಕ್ವೀನ್ಸ್ ಕಡೆಯಿಂದ ನೇರ ಸೇತುವೆ ಆಗಿದ್ದು 1955ರಲ್ಲಿ.

ಮಂಡ್ಯದ_ಮಾತು

ನೋಡಿ, ನಾನು ಹೇಳಿದ್ದು ಅದೇ. ಆಸ್ಪತ್ರೆಯನ್ನು ಜನರಿರುವ ಕಡೆ ಕಟ್ಟಬೇಕಿತ್ತು. ಮನೆಯವರು ಬರಲಾಗದ ಕಡೆ ಎಷ್ಟು ಬಿಸಿಲಿದ್ದರೇನು? ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದಾಗ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದರು. ಹೊಡೆತ ಬಿದ್ದ ಮೊದಲ ವಾರ ಮೂರು ಮೂರು ಡಾಕ್ಟರ್ ಬಂದು ನೋಡುತ್ತಿದ್ದರು. ಅಪಾಯ ಕಳೆದ ಮೇಲೆ ಒಂದು ಚೀಟಿ, ಐದು ಮಾತ್ರೆ, ಮನೆಗೆ ಹೋಗಿ ಅಂದರು. ಆಮೇಲಿನ ನಾಲ್ಕು ವರ್ಷ ದೊಡ್ಡಮ್ಮನೇ ಡಾಕ್ಟರ್, ದೊಡ್ಡಮ್ಮನೇ ನರ್ಸು. ಬಟ್ಟೆ ಬದಲಾಯಿಸುವುದು, ಮಗ್ಗುಲು ಹೊರಳಿಸುವುದು, ರಾತ್ರಿ ಎರಡಕ್ಕೆ ಎದ್ದು ನೀರು ಕುಡಿಸುವುದು. ಬೆನ್ನಲ್ಲಿ ಹುಣ್ಣಾಯಿತು. ಹೇಗೆ ಹೊರಳಿಸಬೇಕು ಅಂತ ಆಕೆಗೆ ಒಬ್ಬರೂ ತೋರಿಸಿಕೊಟ್ಟಿರಲಿಲ್ಲ. ಆದರೂ ದೊಡ್ಡಪ್ಪ ತನ್ನ ಮನೆಯ ಜಗಲಿಯಲ್ಲಿ, ಹೋಗುವವರು ಬರುವವರನ್ನು ಮಾತಾಡಿಸಿಕೊಂಡು ಇದ್ದರು.

ಡಾ_ಹಳ್ಳಿಗಾಡು

ನಿಮ್ಮ ದೊಡ್ಡಮ್ಮನಿಗೆ ನಮಸ್ಕಾರ. ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ದೊಡ್ಡಮ್ಮ ಇಲ್ಲದಿದ್ದರೆ? ಗೋಲ್ಡ್‌ವಾಟರ್ ಆಸ್ಪತ್ರೆಗೆ ಬಂದವರಲ್ಲಿ ಬಹಳ ಜನಕ್ಕೆ ಜಗಲಿಯೂ ಇರಲಿಲ್ಲ, ದೊಡ್ಡಮ್ಮನೂ ಇರಲಿಲ್ಲ. ಬಾಡಿಗೆ ಕೋಣೆಯ ಐದನೇ ಮಹಡಿ, ಲಿಫ್ಟಿಲ್ಲ. ಮತ್ತೆ ಸೇವೆಯನ್ನೆಲ್ಲ ಮನೆಯ ಹೆಂಗಸರ ಮೇಲೆ ಬಿಟ್ಟು ಅದಕ್ಕೆ ಸಂಸ್ಕಾರ ಅಂತ ಹೆಸರಿಡುವುದೂ ನನಗೆ ಅಷ್ಟು ಹಿಡಿಸುವುದಿಲ್ಲ.

ದೂರದ ವಿಷಯ ಒಪ್ಪುತ್ತೇನೆ. ಜಾಗ ಖಾಲಿ ಇತ್ತು, ನಗರದ್ದೇ ಇತ್ತು, ಅಕ್ಕಪಕ್ಕದವರ ತಕರಾರಿಲ್ಲ. ಕಮಿಷನರ್ ಕುರ್ಚಿಯಲ್ಲಿ ಕೂತವನಿಗೆ ಈ ಮೂರು ಒಟ್ಟಿಗೆ ಸಿಗುವುದು ಅಪರೂಪ. ನಾನಿದ್ದರೂ ಹಿಡಿದುಕೊಳ್ಳುತ್ತಿದ್ದೆ.

ಪುಟ್ಟಗೌರಿ_ಫಾರ್ಮಾ

ಇಷ್ಟೆಲ್ಲ ಚರ್ಚೆ ಮಾಡುತ್ತಿದ್ದೀರಿ, ಆ ದ್ವೀಪದಿಂದ ನಿಮ್ಮೆಲ್ಲರ ಮನೆಗೆ ಬಂದಿರುವ ವಸ್ತು ಬಗ್ಗೆ ಯಾರೂ ಹೇಳಲಿಲ್ಲ! ಜ್ವರದ ಮಾತ್ರೆ. ಪ್ಯಾರಾಸಿಟಮಾಲ್.

ಕತೆ ಕೇಳಿ. 1946ರಲ್ಲಿ ಜೂಲಿಯಸ್ ಆ್ಯಕ್ಸೆಲ್‌ರಾಡ್ ಎಂಬ ಲ್ಯಾಬ್ ಕೆಲಸಗಾರ, ಆಗ ಪಿಎಚ್‌ಡಿ ಕೂಡ ಇಲ್ಲ, ಒಂದು ಪ್ರಶ್ನೆ ಹಿಡಿದುಕೊಂಡು ಗೋಲ್ಡ್‌ವಾಟರ್ ಆಸ್ಪತ್ರೆಯಲ್ಲಿದ್ದ ಬರ್ನಾರ್ಡ್ ಬ್ರಾಡಿ ಅವರ ಹತ್ತಿರ ಬಂದರು. ಆಗ ನೋವಿಗೆ ಅಸಿಟನಿಲೈಡ್ ಅಂತ ಔಷಧಿ ಕೊಡುತ್ತಿದ್ದರು. ಜಾಸ್ತಿ ತಿಂದವರ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟುತ್ತಿತ್ತು. ಯಾಕೆ? ಇಬ್ಬರೂ ಸೇರಿ ಔಷಧಿ ಮೈಯೊಳಗೆ ಹೋದ ಮೇಲೆ ಏನೇನಾಗುತ್ತದೆ ಅಂತ ಹಿಂಬಾಲಿಸಿದರು. ಒಂದಿಷ್ಟು ಅನಿಲೀನ್ ಆಗುತ್ತದೆ, ಮೈ ನೀಲಿ ಮಾಡುವುದು ಅದು. ಬಹುಪಾಲು ಬೇರೆ ಒಂದು ವಸ್ತುವಾಗುತ್ತದೆ, ನೋವು ತೆಗೆಯುವುದು ಅದು. ಹಾಗಿದ್ದರೆ ಆ ಎರಡನೆಯದನ್ನೇ ನೇರವಾಗಿ ಕೊಟ್ಟರಾಯಿತಲ್ಲ? 1948ರಲ್ಲಿ ಪ್ರಕಟಿಸಿದರು. ಅದೇ ಪ್ಯಾರಾಸಿಟಮಾಲ್. ಆ ವಸ್ತು ರಸಾಯನಶಾಸ್ತ್ರದವರಿಗೆ 19ನೇ ಶತಮಾನದಲ್ಲೇ ಗೊತ್ತಿತ್ತು, ಮೂಲೆಗೆ ಹಾಕಿದ್ದರು. ಅದು ಮತ್ತೆ ಬಳಕೆಗೆ ಬರಲು ದಾರಿಯಾಗಿದ್ದು ಈ ದ್ವೀಪದ ಲ್ಯಾಬಿನ ಕೆಲಸ. ಆ್ಯಕ್ಸೆಲ್‌ರಾಡ್‌ಗೆ ಆಮೇಲೆ 1970ರಲ್ಲಿ ನೊಬೆಲ್ ಬಂತು, ಬೇರೆ ಕೆಲಸಕ್ಕೆ.

ಕೋವಿಡ್ ಕಾಲದಲ್ಲಿ ಊರೆಲ್ಲ ನುಂಗಿದ ಡೋಲೊ 650 ನೆನಪಿದೆಯಲ್ಲ? ಅದನ್ನು ಮಾಡುವ ಮೈಕ್ರೊ ಲ್ಯಾಬ್ಸ್ ನಮ್ಮ ಬೆಂಗಳೂರಿನದೇ. ಸರಪಳಿ ಎಲ್ಲಿಂದ ಎಲ್ಲಿಗೆ!

ಸುಮ್ನೆ_ಓದುವವಳು

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಆದರೆ ಒಂದು ಅನುಮಾನ. ಎಲ್ಲೂ ಹೋಗಲಾಗದ ರೋಗಿಗಳು, ಅವರ ಪಕ್ಕದಲ್ಲೇ ಸಂಶೋಧನೆ ಮಾಡುವವರು. ಪ್ರಯೋಗ ಯಾರ ಮೇಲೆ ನಡೆಯುತ್ತಿತ್ತು?

ಪುಟ್ಟಗೌರಿ_ಫಾರ್ಮಾ

ಸರಿಯಾಗಿ ಹಿಡಿದಿರಿ ಅಕ್ಕ. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಜಾವಾ ಹಿಡಿದಾಗ ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ಸಿಗುವುದು ನಿಂತುಹೋಯಿತು. ಸೈನಿಕರಿಗೆ ಅದರ ಬದಲು ಅಟಬ್ರಿನ್ ಎಂಬ ಮಾತ್ರೆ ಕೊಡಬೇಕು, ಆದರೆ ಎಷ್ಟು ಕೊಡಬೇಕು ಗೊತ್ತಿಲ್ಲ, ಮೈ ಹಳದಿಯಾಗುತ್ತದೆ, ವಾಂತಿ ಬರುತ್ತದೆ, ಸೈನಿಕರು ಉಗುಳಿಬಿಡುತ್ತಾರೆ. ಗೋಲ್ಡ್‌ವಾಟರ್ ಆಸ್ಪತ್ರೆಯಲ್ಲಿ ಜೇಮ್ಸ್ ಶಾನನ್ ತಂಡ ಇದನ್ನು ಬಿಡಿಸಿತು. ಔಷಧಿ ರಕ್ತಕ್ಕಿಂತ ಅಂಗಾಂಶಗಳಲ್ಲಿ ಹೋಗಿ ಕೂರುತ್ತದೆ, ಆದ್ದರಿಂದ ಮೊದಲು ದೊಡ್ಡ ಪ್ರಮಾಣ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ. ಈ ಶಾನನ್ ಮುಂದೆ 1955ರಿಂದ 1968ರವರೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಗೆ ನಿರ್ದೇಶಕರಾಗಿದ್ದರು.

ಮಲೇರಿಯಾ ಬಂದವರು ನ್ಯೂಯಾರ್ಕಿನಲ್ಲಿ ಎಲ್ಲಿ ಸಿಗಬೇಕು? ಬರಿಸಿದರು. ಸಿಫಿಲಿಸ್ ಮೆದುಳಿಗೆ ಏರಿದವರಿಗೆ ಮಲೇರಿಯಾ ಜ್ವರ ಬರಿಸುವುದು ಆಗಿನ ಒಪ್ಪಿತ ಚಿಕಿತ್ಸೆಯೇ, 1927ರಲ್ಲಿ ಅದಕ್ಕೆ ನೊಬೆಲ್ ಕೂಡ ಕೊಟ್ಟಿದ್ದರು. ಅಂಥ ರೋಗಿಗಳ ಮೇಲೆ ಔಷಧಿ ನೋಡಿದರು. ಇವತ್ತಿನ ನೀತಿ ಸಮಿತಿ ಮುಂದೆ ಇಟ್ಟರೆ ಎರಡು ನಿಮಿಷ ನಿಲ್ಲುವುದಿಲ್ಲ. ವಿಜ್ಞಾನ ಗಟ್ಟಿಯಾಗಿತ್ತು, ಒಪ್ಪಿಗೆ ಕೇಳುವ ಪದ್ಧತಿ ಗಟ್ಟಿಯಾಗಿರಲಿಲ್ಲ. ಎರಡನ್ನೂ ಹೇಳಬೇಕು.

ಹಳೇಪೇಪರ್

ದ್ವೀಪಕ್ಕೆ ಜನರನ್ನು ಕಳಿಸುವ ವಿಷಯ ಬಂದಾಗ ಗೋಲ್ಡ್‌ವಾಟರ್ ಬಾಳಿನ ಇನ್ನೊಂದು ಪುಟ ಬಿಡುವಂತಿಲ್ಲ. ಟೈಫಾಯ್ಡ್ ಮೇರಿ. ಮೇರಿ ಮ್ಯಾಲನ್ ಅಡುಗೆಯವಳು. ತನಗೆ ಕಾಯಿಲೆಯಿಲ್ಲ, ಆದರೆ ಮಾಡಿದ ಅಡುಗೆ ತಿಂದವರಿಗೆ ಟೈಫಾಯ್ಡ್. 1907ರಲ್ಲಿ ಹಿಡಿದು ನಾರ್ತ್ ಬ್ರದರ್ ದ್ವೀಪದಲ್ಲಿಟ್ಟರು, ಅದೇ ಈಸ್ಟ್ ನದಿ, ಮೇಲಿನ ಭಾಗ. ಅಡುಗೆ ಮಾಡುವುದಿಲ್ಲ ಅಂತ ಮಾತು ಕೊಟ್ಟ ಮೇಲೆ 1910ರಲ್ಲಿ ಬಿಟ್ಟರು. 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ 25 ಜನಕ್ಕೆ ಟೈಫಾಯ್ಡ್, ಇಬ್ಬರು ಸತ್ತರು. ಅಡುಗೆಮನೆಯಲ್ಲಿ ಬೇರೆ ಹೆಸರಿಟ್ಟುಕೊಂಡಿದ್ದವಳು ಮೇರಿಯೇ. ಆಗ ಆರೋಗ್ಯ ಕಮಿಷನರ್ ಗೋಲ್ಡ್‌ವಾಟರ್. ಮತ್ತೆ ದ್ವೀಪಕ್ಕೆ. 1938ರಲ್ಲಿ ಸಾಯುವವರೆಗೆ ಅಲ್ಲೇ, ಕೋರ್ಟಿನ ಶಿಕ್ಷೆ ಏನೂ ಇಲ್ಲದೆ.

ಅಂದರೆ ಊರಿನ ಒಳಿತಿಗೆ ಒಬ್ಬರನ್ನು ನೀರಿನಾಚೆ ಇಡುವುದು ಇವರಿಗೆ ಹೊಸದಲ್ಲ. ಮಂಡ್ಯದವರೇ, ನಿಮ್ಮ ಕಡೆಗೆ ಒಂದು ಅಂಕ.

ಡಾ_ಹಳ್ಳಿಗಾಡು

ಇಬ್ಬರು ಸತ್ತ ಮೇಲೆ, ಆಕೆ ಮಾತಿಗೆ ತಪ್ಪಿದ ಮೇಲೆ ಕಮಿಷನರ್ ಏನು ಮಾಡಬೇಕಿತ್ತು? ಆಗ ಆ್ಯಂಟಿಬಯಾಟಿಕ್ ಇಲ್ಲ. ಬೇರೆ ಕೆಲಸ ಕೊಡಿಸಿ, ಸಂಬಳ ಕಟ್ಟಿಸಿ ಊರಲ್ಲೇ ಇಟ್ಟುಕೊಳ್ಳಬಹುದಿತ್ತು ಅನ್ನುವುದು ನಿಜ. 1910ರಲ್ಲೇ ಅದನ್ನು ಸರಿಯಾಗಿ ಮಾಡಿದ್ದರೆ ಆಕೆ ಅಡುಗೆಮನೆಗೆ ಮರಳುತ್ತಿರಲಿಲ್ಲವೇನೋ.

ನನಗೆ ಗೋಲ್ಡ್‌ವಾಟರ್ ಮೇಲೆ ತಕರಾರಿರುವುದು ಬೇರೆ ವಿಷಯಕ್ಕೆ. 1940ರಲ್ಲಿ ಕಮಿಷನರ್ ಕೆಲಸ ಬಿಟ್ಟು ಅಸೋಸಿಯೇಟೆಡ್ ಹಾಸ್ಪಿಟಲ್ ಸರ್ವಿಸ್‌ನ ಮುಖ್ಯಸ್ಥರಾದರು, ಅಂದರೆ ನ್ಯೂಯಾರ್ಕಿನ ಬ್ಲೂ ಕ್ರಾಸ್, ಆಸ್ಪತ್ರೆ ಖರ್ಚಿನ ವಿಮೆ ಸಂಸ್ಥೆ. ಅದು 1935ರಲ್ಲಿ ಶುರುವಾದದ್ದು, ದಿನಕ್ಕೆ 3 ಸೆಂಟ್ ಯೋಜನೆ ಅಂತಲೇ ಹೆಸರು. ತಿಂಗಳು ತಿಂಗಳು ಸಣ್ಣ ಮೊತ್ತ ಕಟ್ಟಿ, ಆಸ್ಪತ್ರೆಗೆ ಸೇರಿದರೆ 21 ದಿನದವರೆಗೆ ಖರ್ಚು ಅವರದು.

21 ದಿನ! ವರ್ಷಗಟ್ಟಲೆ ಮಲಗುವವರಿಗೆ ಆಸ್ಪತ್ರೆ ಕಟ್ಟಿದ ಮನುಷ್ಯ, ಕೊನೆಗೆ ನಡೆಸಿದ್ದು ಮೂರು ವಾರದಲ್ಲಿ ವಾಸಿಯಾಗಿ ಮನೆಗೆ ಹೋಗುವವರ ವಿಮೆ. 1942ರಲ್ಲಿ ತೀರಿಕೊಂಡರು, ದ್ವೀಪದ ಆಸ್ಪತ್ರೆಗೆ ಅವರ ಹೆಸರಿಟ್ಟಿದ್ದು ಆಮೇಲೆ. ಬದುಕಿದ್ದರೆ ಈ ಎರಡನ್ನೂ ಜೋಡಿಸುತ್ತಿದ್ದರೋ ಏನೋ. ಅಮೆರಿಕ ಜೋಡಿಸಲಿಲ್ಲ. 1965ರಲ್ಲಿ ವಯಸ್ಸಾದವರಿಗೆ ಅಂತ ಬಂದ ಮೆಡಿಕೇರ್ ಕೂಡ ಬರೀ ಆರೈಕೆಗೆ ವರ್ಷಗಟ್ಟಲೆ ದುಡ್ಡು ಕೊಡುವುದಿಲ್ಲ. ಕೈಯಲ್ಲಿದ್ದದ್ದು ಖರ್ಚಾಗಿ ಬಡವರಾದ ಮೇಲೆ ಮೆಡಿಕೇಡ್, ಅಂದರೆ ಬಡವರಿಗೆ ಅಂತ ಇರುವ ಸರ್ಕಾರಿ ಯೋಜನೆ, ಬರುತ್ತದೆ.

ಪುಟ್ಟಗೌರಿ_ಫಾರ್ಮಾ

ಸರ್, ನಮ್ಮ ಯಶಸ್ವಿನಿಯೂ ಹಾಗೇ ಅಲ್ವಾ? 2003ರಲ್ಲಿ ಶುರುವಾದಾಗ ಸಹಕಾರ ಸಂಘದ ರೈತರು ತಿಂಗಳಿಗೆ 5 ರೂಪಾಯಿ ಕಟ್ಟುವುದು, ಆಪರೇಷನ್ ಬಂದರೆ ಯೋಜನೆಯಿಂದ.

ಡಾ_ಹಳ್ಳಿಗಾಡು

ಹೌದು, ಲೆಕ್ಕ ಅದೇ. ಬಹಳ ಜನ ಸೇರಿ ಸ್ವಲ್ಪ ಸ್ವಲ್ಪ ಹಾಕಿದರೆ ದೊಡ್ಡ ಖರ್ಚು ತಡೆದುಕೊಳ್ಳಬಹುದು. ಯಶಸ್ವಿನಿಯಿಂದ ಎಷ್ಟೋ ರೈತರ ಹೃದಯದ ಆಪರೇಷನ್ ಆಗಿದೆ, ಅದರ ಬಗ್ಗೆ ನನಗೆ ಗೌರವ ಇದೆ. ಕಂತಿನ ದುಡ್ಡಿನಲ್ಲಿ ಆಪರೇಷನ್ನಿಗೆ ರೇಟು ಕಟ್ಟಬಹುದು: ಇಷ್ಟು ದಿನ, ಇಷ್ಟು ಸಾವಿರ, ಮುಗಿಯಿತು. ಮಂಡ್ಯದವರ ದೊಡ್ಡಮ್ಮನ ನಾಲ್ಕು ವರ್ಷಕ್ಕೆ ಯಾವ ರೇಟು? ಅಲ್ಲೂ ಇಲ್ಲೂ ವಿಮೆಯವರು ಆ ಪ್ರಶ್ನೆಯ ಪಕ್ಕದಲ್ಲೇ ಹಾದುಹೋಗುತ್ತಾರೆ.

ಮಂಡ್ಯದ_ಮಾತು

ಹಾಗಾದರೆ ಡಾಕ್ಟರೇ, ಆಸ್ಪತ್ರೆ ಕಟ್ಟಿದ್ದು ಸರಿ, ದುಡ್ಡಿನ ದಾರಿ ಮಾಡದೆ ಬಿಟ್ಟಿದ್ದು ತಪ್ಪು. ಇಷ್ಟಕ್ಕೆ ನಾನು ಒಪ್ಪುತ್ತೇನೆ. ದ್ವೀಪದ ವಿಷಯದಲ್ಲಿ ಒಪ್ಪುವುದಿಲ್ಲ. ಕೊನೆಗೆ ಏನಾಯಿತು ನೋಡಿ: ಜಾಗಕ್ಕೆ ಬೆಲೆ ಬಂದ ಕೂಡಲೇ ರೋಗಿಗಳನ್ನು ಎತ್ತಂಗಡಿ ಮಾಡಿ ಕಾಲೇಜು ಕಟ್ಟಿದರು. ಬೇಡದ ಜಾಗ ಅಂತ ಇದ್ದಾಗ ಬೇಡದವರು, ಬೇಕಾದ ಜಾಗ ಆದಾಗ ಬೇಕಾದವರು.

ಕ್ವೀನ್ಸ್_ಕನ್ನಡಿಗ

ಅಷ್ಟು ನೇರ ಇಲ್ಲ, ಸ್ವಲ್ಪ ತಿದ್ದುತ್ತೇನೆ. ಬೆಲೆ ಬಂದಿದ್ದು 1970ರ ದಶಕದಲ್ಲೇ. 1969ರಲ್ಲಿ ನಗರದವರು ರಾಜ್ಯದ ಒಂದು ನಿಗಮಕ್ಕೆ 99 ವರ್ಷದ ಗುತ್ತಿಗೆ ಕೊಟ್ಟರು, ಫಿಲಿಪ್ ಜಾನ್ಸನ್ ಮತ್ತು ಜಾನ್ ಬರ್ಗಿ ಹೊಸ ಬಡಾವಣೆಯ ನಕ್ಷೆ ಮಾಡಿದರು, 1973ರಲ್ಲಿ ರೂಸ್‌ವೆಲ್ಟ್ ಹೆಸರು ಬಂತು, 1975ರಿಂದ ಜನ ವಾಸಕ್ಕೆ ಬಂದರು. ಆಮೇಲೂ ಗೋಲ್ಡ್‌ವಾಟರ್ ಸುಮಾರು 40 ವರ್ಷ ನಡೆಯಿತು. ದ್ವೀಪದ ರಸ್ತೆಯಲ್ಲಿ ವೀಲ್‌ಚೇರಿನಲ್ಲಿ ಅಡ್ಡಾಡುವವರು ಯಾವತ್ತೂ ಕಾಣುತ್ತಿದ್ದರು, ಅಂಗಡಿ, ಬಸ್ಸು ಎಲ್ಲ ಕಡೆ. ಮುಚ್ಚುವಾಗ ಬಹಳ ಜನರನ್ನು ಹಾರ್ಲೆಮ್‌ನಲ್ಲಿ ಹೊಸದಾಗಿ ಮಾಡಿದ ಹೆನ್ರಿ ಕಾರ್ಟರ್ ಆಸ್ಪತ್ರೆಗೆ ಕಳಿಸಿದರು. ಕಟ್ಟಡ ಹೊಸದು, ಹೋಗಿ ನೋಡಲು ಸುಲಭ, ಆದರೆ ನದಿದಂಡೆಯ ಉದ್ದಕ್ಕೂ ಗಾಡಿ ಉರುಳಿಸಿಕೊಂಡು ಹೋಗುವ ಜಾಗ ಅಲ್ಲಿಲ್ಲ.

ಮತ್ತೆ ಎಲ್ಲರೂ ಹೋಗಿಲ್ಲ. ದ್ವೀಪದ ಉತ್ತರಕ್ಕೆ 1952ರಲ್ಲಿ ತೆರೆದ ಕೋಲರ್ ಆಸ್ಪತ್ರೆ ಈಗಲೂ ನಡೆಯುತ್ತಿದೆ, ದೀರ್ಘಕಾಲದ ಆರೈಕೆಗೇ. ಕೆಲವರನ್ನು ಅಲ್ಲಿಗೂ ಕಳಿಸಿದ್ದರು. ಫೋಟೊ ತೆಗೆಯುವವರು ಆ ಕಡೆ ಬರುವುದೇ ಇಲ್ಲ.

ಗಾರೆ_ಗಡಿಯಾರ

ಆ ಚಿತ್ರಗಳನ್ನು ಒಳಗೆ ಹೋಗಿ ನೋಡಲು ಬಿಡುತ್ತಾರಾ? ಬರುವ ವರ್ಷ ಆ ಕಡೆ ಬರುವುದಿದೆ.

ಕ್ವೀನ್ಸ್_ಕನ್ನಡಿಗ

ಒಂದು ಕಾರ್ನೆಲ್ ಟೆಕ್‌ನ ಬ್ಲೂಮ್‌ಬರ್ಗ್ ಸೆಂಟರ್ ಕಟ್ಟಡದಲ್ಲಿದೆ, ಬರುವ ಮೊದಲು ಮೇಲ್ ಮಾಡಿ ಕೇಳಿಕೊಳ್ಳಿ. ಬಂದರೆ ಉತ್ತರದ ದೀಪಸ್ತಂಭದವರೆಗೂ ನಡೆಯಿರಿ. 1872ರದು, ಕಲ್ಲಿನದು. ದಾರಿಯಲ್ಲಿ ಹಳೇ ಹುಚ್ಚಾಸ್ಪತ್ರೆಯ ಎಂಟು ಮೂಲೆಯ ಗೋಪುರ ಸಿಗುತ್ತದೆ, ಈಗ ಅದು ಅಪಾರ್ಟ್‌ಮೆಂಟಿನ ಬಾಗಿಲು. ನೆಲ್ಲಿ ಬ್ಲೈ ಇದ್ದ ಕಡೆ ಬಾಡಿಗೆ ಎಷ್ಟು ಅಂತ ಮಾತ್ರ ಕೇಳಬೇಡಿ.

ಮಂಡ್ಯದ_ಮಾತು

ಆ ಕೋಲರ್ ಆಸ್ಪತ್ರೆಯಲ್ಲಿರುವವರನ್ನು ನೋಡಲು ಈಗ ಟ್ರಾಮ್ ಸಾಕಾ, ಅಥವಾ ಅಲ್ಲಿಂದ ಇನ್ನೂ ನಡೆಯಬೇಕಾ?

ಕ್ವೀನ್ಸ್_ಕನ್ನಡಿಗ

ಟ್ರಾಮ್ ಇಳಿದ ಕಡೆಯೇ ಕೆಂಪು ಬಸ್ಸು ಸಿಗುತ್ತದೆ, ಉತ್ತರದವರೆಗೂ ಹೋಗುತ್ತದೆ. ದುಡ್ಡಿಲ್ಲ, ಪುಕ್ಕಟೆ.